ದೂಜಣ್ಣನ ತುಳಸಿಕಟ್ಟೆ

ಗೋರೆಗಾಂವಿನ ಹಳೆಯ ಬಿಲ್ಡಿಂಗೊಂದರ ಮೂರನೆಯ ಮಹಡಿಯಲ್ಲಿ ವಾಸವಾಗಿರುವ ದೂಜ ಪೂಜಾರಿಯವರು ಆಯುಷ್ಯದ ಬಹುಭಾಗವನ್ನು ದೋಸೆಯ ಕಾವಲಿಯ ಮುಂದೆ ನಿಂತೇ ಕಳೆದವರು. ಉಡುಪಿಯ ಸೀಮೆಯಿಂದ ಬಂದ ಹೊಸತರಲ್ಲಿ ಬೈಕುಲ್ಲಾದ ಮಾರ್ಕೆಟಿನ ಮಗ್ಗುಲ ಹೋಟೆಲಿನಲ್ಲಿ ಲೋಟ ತೊಳೆದರು. ಅನಂತರ ಅಂಧೇರಿಯ ಹೋಟೆಲೊಂದರಲ್ಲಿ ಕಾವಲಿ ಹಿಡಿದರು. ನೀರು ಚಿಮುಕಿಸಿದಾಗ ಏಳುವ ಸದ್ದನ್ನು ಕೇಳಿಯೇ ಕಾವಲಿ ಎಷ್ಟು ಕಾದಿದೆಯೆಂದು ಹೇಳಬಲ್ಲವರೆಂದು ಅವರಿಗೆ ಹೆಸರಿತ್ತು. ಹೋಟೆಲಿನ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದ ಆ ಕಾಲದಲ್ಲಿಯೂ ಹಿಂಬದಿಯ ಕಿಟಕಿಯಲ್ಲಿ, ಎಣ್ಣೆಯ ಡಬ್ಬಿಯೊಂದರಲ್ಲಿ, ಅವರ ತುಳಸಿ ಇತ್ತು. ಸ್ನಾನ ಮಾಡಿ ಅದಕ್ಕೆ ನೀರೆರೆಯದೆ ಅವರು ಹಿಟ್ಟಿನ ಸೌಟನ್ನು ಮುಟ್ಟಿದವರಲ್ಲ.

ಸ್ವಂತ ಮನೆಯಾದಾಗ, ಮಂಚ ಕಪಾಟುಗಳಿಗೆ ಮುಂಚೆಯೇ, ಬಾಲ್ಕನಿಯಲ್ಲಿ ಇಟ್ಟಿಗೆ ಸಿಮೆಂಟಿನ ತುಳಸಿಕಟ್ಟೆ ಎದ್ದುನಿಂತಿತು. ನೀರು ಹರಿದುಹೋಗಲು ಬುಡದಲ್ಲಿ ಒಂದು ತೂತು ಬಿಡುತ್ತೇನೆಂದು ಗಾರೆಯವನು ಹೇಳಿದಾಗ ದೂಜಣ್ಣ ಒಪ್ಪಲಿಲ್ಲ. ತುಳಸಿಗೆ ಎರೆದುದು ತೀರ್ಥಕ್ಕೆ ಸಮಾನ. ಅದು ಕೊಳವೆಯಲ್ಲಿ ಇಳಿದು ಗಟಾರವನ್ನು ಸೇರುವುದು, ಹಾದಿಹೋಕರ ಕಾಲಿಗೆ ತಾಕುವುದು ಸಲ್ಲದು. ಮಣ್ಣಿಗೆ ಬಿದ್ದುದು ಮಣ್ಣಿನಲ್ಲಿಯೇ ಇಂಗಲಿ ಎಂದರು. ಅಂದಿನಿಂದ ಗಂಡನದೊಂದು, ಹೆಂಡತಿ ನೀಲಾವತಿಯವರದೊಂದು, ಹೀಗೆ ಎರಡು ತುಂಬಿದ ಚೆಂಬುಗಳು ಪ್ರತಿ ಬೆಳಗ್ಗೆಯೂ ಆ ಕಟ್ಟೆಗೆ ಸಲ್ಲುತ್ತ ಬಂದವು.

ಕೆಳಗಿನ ಮನೆಯ ರುಕ್ಮಿಣಿಬಾಯಿಯವರು ಕಲಬುರಗಿ ಕಡೆಯವರು. ಗಂಡ ಭೀಮರಾಯ ಕಟ್ಟಡಕೆಲಸದ ಕೂಲಿಗಳನ್ನು ನೋಡಿಕೊಳ್ಳುವ ಮುಕಾದಮ. ಆಕೆಯ ಕೊರಳಲ್ಲಿ ಪಂಢರಪುರದ ತುಳಸಿಮಾಲೆ, ನಾಲಗೆಯಲ್ಲಿ ಖಾರ. ಅವರ ನಡುಮನೆಯ ಮೂಲೆಯಲ್ಲಿ ಚಾವಣಿ ಸೋರತೊಡಗಿ ಎರಡು ವರ್ಷವಾಗಿತ್ತು. ಆ ಮೂಲೆಯ ಮೇಲೆಯೇ ದೂಜಣ್ಣನ ಬಾತ್‌ರೂಮು ಇದ್ದುದರಿಂದ ಅಪವಾದ ಅದರ ಮೇಲೆ ಬಂದಿತು. ಸೊಸೈಟಿಯ ಸಭೆಯಲ್ಲಿ ಮಾತು ಬೆಳೆದು ದೂಜಣ್ಣ ಎದ್ದುನಿಂತರು.

“ನೋಡಿ, ಅದು ನನ್ನ ಮನೆಯ ನೀರು ಅಂತ ಆದ್ರೆ, ಒಡೀಬೇಕಾದ್ದನ್ನು ನಾನೇ ನನ್ನ ಕೈಯಿಂದ ಒಡೀತೇನೆ. ಅಲ್ಲ ಅಂತಾದ್ರೆ ಈ ರುಕ್ಮಿಣಿಬಾಯಿ ಇನ್ನು ಮಾತೆತ್ತಬಾರದು!”

“ಮಾತೆತ್ತೂದು ಒಂದ್ಕಡಿಗಿರ್ಲಿ ಯಣ್ಣಾ,” ಎಂದರು ರುಕ್ಮಿಣಿಬಾಯಿ, “ದಿನಾ ಬಕೆಟ್ ಎತ್ತಿ ಎತ್ತಿ ನನ್ನ ರಟ್ಟಿ ಬಿದ್ದು ಹೋಗ್ಯಾವ.”

ಸಭೆ ನಕ್ಕಿತು. ದೂಜಣ್ಣನಿಗೆ ಆ ನಗೆ ಚುಚ್ಚಿತು. ಕೊಟ್ಟ ಮಾತಿಗೆ ತಪ್ಪಿದವನೆನ್ನಿಸಿಕೊಳ್ಳದೆ ಊರುಬಿಟ್ಟು ಊರಿನಲ್ಲಿ ಬಾಳಿದವರು ಅವರು. ಈಗ ತಮ್ಮ ಮನೆ ನಿರ್ದೋಷಿಯೆಂದು ಆ ಸಭೆಗೇ ತೋರಿಸಬೇಕಾಗಿತ್ತು.

“ಅಪ್ಪಾ, ಜಗಳದಲ್ಲಿ ಮುಗಿಯುದಿಲ್ಲ ಇದು,” ಎಂದ ಮಗ ಪ್ರೀತಮ್. “ಮನೆ ಚೆಕ್ ಮಾಡುವವರು ಇರ್ತಾರೆ. ಕರೆಸುವ.”

“ಮನೆಗೂ ಡಾಕ್ಟ್ರಾ?”

“ಹಾಂ, ಹಾಗೇ ಅಂತ ಇಟ್ಕೊಳ್ಳಿ.”

ಹೀಗೆ ಬಂದವಳು ಪ್ರಣೀತಾ. ಮನೆಗಳನ್ನು ಪರೀಕ್ಷಿಸುವುದೂ ವಿನ್ಯಾಸಗೊಳಿಸುವುದೂ ಅವಳ ವೃತ್ತಿ. ತಂದೆ ತಾಯಿ ಮಂಗಳೂರಿನವರು. ಅವಳು ಅಂಧೇರಿಯಲ್ಲಿ ಬೆಳೆದವಳು. ಕನ್ನಡ ತಿಳಿಯುತ್ತಿತ್ತು, ಆಡುವಾಗ ಎಡವುತ್ತಿತ್ತು.

“ರಿಪೋರ್ಟು ಗಿಪೋರ್ಟು ಬೇಡ ಮಗಾ,” ಎಂದರು ದೂಜಣ್ಣ. “ಬಾತ್‌ರೂಮು ಸರಿ ಉಂಟು ಅಂತ ಒಂದು ಕಾಗದ ಕೊಡು, ಸಾಕು.”

“ಸರಿ ಇದ್ರೆ ಪಕ್ಕಾ ಕೊಡ್ತೇನೆ ಅಂಕಲ್. ಪೆಹಲೆ ಚೆಕ್.”

ಮನೆಯವರೆಲ್ಲರೂ ಬಿಡುವಾಗಿರುವ ದಿನವೆಂದು ಭಾನುವಾರ ಬೆಳಗ್ಗೆ ಅವಳು ಬಾತ್‌ರೂಮಿನ ನೀರು ಹೋಗುವ ಕಿಂಡಿಯನ್ನು ಮುಚ್ಚಿಸಿ, ನೆಲದ ತುಂಬ ನೀರು ನಿಲ್ಲಿಸಿದಳು. ಮರುದಿನ ಬಂದು ನೋಡಿದಾಗ ನಿಂತ ನೀರು ನಿಂತಂತೆಯೇ ಇತ್ತು. ಕೆಳಗಿನ ಮನೆಯ ಬಕೆಟ್ಟಿನಲ್ಲಿ ಒಂದು ಹನಿಯೂ ಇರಲಿಲ್ಲ. ದೂಜಣ್ಣನ ಮುಖ ಅರಳಿತು. ಆದರೆ ರುಕ್ಮಿಣಿಬಾಯಿ ಸೋಲೊಪ್ಪಲಿಲ್ಲ.

“ಇದ್ಯಾವ ಪರೀಕ್ಷಾ ಅವ್ವಾ? ಸೋಮವಾರ ಇದು ಎಂದೂ ಸೋರೂದಿಲ್ಲ. ಬ್ಯಾರೆ ದಿನ ನೋಡು, ಬಕೆಟ್ಟಿನಾಗ ನೀರು ನಿಂತಿರ್ತದ.”

“ಸೋಮವಾರ ಮಾತ್ರ ಸೋರಲ್ವಾ ಆಂಟಿ? ಯಾಕೆ?”

“ನನಗೇನ್ ಗೊತ್ತು? ಮ್ಯಾಲಿನಾಂವ ಐತವಾರ ಜಳಕಾ ಮಾಡೂದಿಲ್ಲೋ ಏನೋ!”

ಪ್ರಣೀತಾ ನಗಲಿಲ್ಲ. ಮೇಲೆ ಬಂದು ಅದೇ ಪ್ರಶ್ನೆಯನ್ನು ಆದಷ್ಟು ಮೆತ್ತಗೆ ಕೇಳಿದಳು.

“ಎಂತ ಮಾತಾಡ್ತಿ ಮಾರಾಯ್ತಿ!” ದೂಜಣ್ಣ ಕೆರಳಿದರು. “ಆದಿತ್ಯವಾರ ಮೀಯದ ಮನುಷ್ಯನಾ ನಾನು? ಯಾರು ಹೇಳಿದ್ದು, ಅವಳಾ?”

ಅಡಿಗೆಮನೆಯಲ್ಲಿ ಅಲಸಂಡೆ ಹೆಚ್ಚುತ್ತಿದ್ದ ನೀಲಾವತಿಯವರು ತಲೆಯೆತ್ತದೆಯೇ ಹೇಳಿದರು: “ಸ್ನಾನ ಎಲ್ಲ ಉಂಟು. ಆದಿತ್ಯವಾರ ತುಳಸಿಗೆ ಮಾತ್ರ ನೀರು ಹಾಕುದಿಲ್ಲ ನಾವು. ಅವತ್ತು ತುಳಸಿಯಮ್ಮನಿಗೆ ಉಪವಾಸ ಅಲ್ವಾ?”

ಪ್ರಣೀತಾ ಬಾಲ್ಕನಿಗೆ ಹೋಗಿ ಕಟ್ಟೆಯ ಸುತ್ತ ಬಗ್ಗಿ ನೋಡಿದಳು.

“ಅಂಕಲ್, ಇದರ ನೀರು ಹೋಗ್ಲಿಕ್ಕೆ ಹೋಲ್ ಎಲ್ಲಿ?”

“ಬಿಟ್ಟಿಲ್ಲ.”

ಏಕೆಂದು ಅವಳು ಕೇಳಿದಳು, ಅವರು ಹೇಳಿದರು. ಅವಳು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡು, “ಒಮ್ಮೆ ನನ್ನ ಜೊತೆ ಕೆಳಗೆ ಬನ್ನಿ,” ಎಂದಳು.

ಎರಡು ವರ್ಷದ ಜಗಳದಲ್ಲಿ ದೂಜಣ್ಣ ಆ ಮನೆಯ ಹೊಸ್ತಿಲು ದಾಟಿದ್ದು ಅಂದೇ ಮೊದಲು. ಕೆಳಗಿನ ಬಾಲ್ಕನಿಯಲ್ಲಿ ಸ್ಟೂಲನ್ನೇರಿ ಪ್ರಣೀತಾ ಮೇಲಿನ ಚಪ್ಪಡಿಯ ಅಡಿಯನ್ನು ಪುಟ್ಟ ಸುತ್ತಿಗೆಯಿಂದ ತಟ್ಟುತ್ತ ಹೋದಳು. ಕಟ್ಟೆಯಿಂದ ದೂರವಿದ್ದೆಡೆ ಸದ್ದು ಗಟ್ಟಿಯಾಗಿ ಕೇಳಿಸಿತು. ಕಟ್ಟೆಯ ಅಡಿಗೆ ಬಂದಂತೆ ಮಂದವಾಗಿ, ಬಾತ್‌ರೂಮಿನ ಗೋಡೆ ಕೂಡುವೆಡೆ ಬರಿದಾದ ಡಬ್ಬಿಯಂತೆ ಟೊಳ್ಳಾಯಿತು. ಜೀವಮಾನವಿಡೀ ಕಾವಲಿಯ ಸದ್ದನ್ನು ಕೇಳಿದ ಕಿವಿಗೆ ಬೇರೆ ವಿವರಣೆ ಬೇಕಿರಲಿಲ್ಲ.

“ಸಾಕು ಮಗಾ,” ಎಂದರು ದೂಜಣ್ಣ. “ಗೊತ್ತಾಯ್ತು.”

ಕಟ್ಟೆಯ ನೀರು ಹೊರದಾರಿ ಕಾಣದೆ ಚಪ್ಪಡಿಯೊಳಗೇ ಹರಿದು ಒಂದು ದಿನ ತಡವಾಗಿ ನಡುಮನೆಯ ಆ ಮೂಲೆಯಲ್ಲಿ ಇಳಿಯುತ್ತಿದೆ, ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ, ಮಳೆಗಾಲಕ್ಕೆ ಮೊದಲು ಆ ಭಾರವನ್ನು ಇಳಿಸದಿದ್ದರೆ ಬಾಲ್ಕನಿಯೇ ಉಳಿಯದು ಎಂದು ಪ್ರಣೀತಾ ಹಿಂದಿ ಬೆರೆಸಿ ಹೇಳಿದಳು. ದೂಜಣ್ಣ ರುಕ್ಮಿಣಿಬಾಯಿಯವರ ಕಡೆಗೆ ತಿರುಗಿದರು.

“ಬಾಯೀ, ನೀವು ಹೇಳಿದ್ದೇ ಸರಿ. ನನ್ನ ಮನೆಯ ನೀರೇ. ತುಳಸಿಗೆ ಹಾಕಿದ್ದು.”

ರುಕ್ಮಿಣಿಬಾಯಿಯವರಿಗೆ ಎರಡು ವರ್ಷದಿಂದ ಕೂಡಿಟ್ಟ ಉತ್ತರಗಳಿದ್ದವು. ಆದರೆ ತುಳಸಿಯ ಹೆಸರು ಕೇಳಿದೊಡನೆ ಕೈ ತಾನಾಗಿ ಕೊರಳ ಮಾಲೆಗೆ ಹೋಯಿತು.

“ಅಯ್ಯ ವಿಠ್ಠಲಾ! ತುಳಸವ್ವನ ನೀರೇನ್ರಿ ಅದು? ಯಣ್ಣಾ, ಆ ನೀರಿನಾಗ ನಾ ದಿನಾ ನೆಲಾ ಒರಸೀನಲ್ರಿ! ಬ್ಯಾಸಗ್ಯಾಗ ನಳ ಬರದಾಗ ಸಂಡಾಸಕ್ಕ...” ಎಂದು ಅಷ್ಟಕ್ಕೇ ನಿಲ್ಲಿಸಿದರು.

ದೂಜಣ್ಣ ತಲೆತಗ್ಗಿಸಿದರು. ಯಾರ ಕಾಲಿಗೂ ತಾಕಬಾರದೆಂದು ತಾವು ತಡೆದ ನೀರು ಒರಸುವ ಬಟ್ಟೆಯನ್ನು ಹೊಕ್ಕು ದಿನದಿನವೂ ಕಾಲಡಿಗೇ ಬಿದ್ದಿತ್ತು. ಬಾಲ್ಕನಿಯ ಮಾತಿಗಿಂತ ಇದು ಅವರನ್ನು ಹೆಚ್ಚು ಕುಗ್ಗಿಸಿತು. “ನೀವು ತಿಳಿಯದೆ ಮಾಡಿದ್ದು. ಮಾಡಿಸಿದ್ದು ನಾನು,” ಎಂದಷ್ಟೇ ಹೇಳಿ ಮೇಲೆ ಹೋದರು.

ಕೂಲಿಯವರನ್ನು ಕರೆಯೋಣವೆಂದು ಪ್ರೀತಮ್ ಹೇಳಿದಾಗ ಅವರು ಕೇಳಲಿಲ್ಲ. ಸಭೆಯಲ್ಲಿ ಆಡಿದ ಮಾತು ಅವರದು. ಪ್ರಣೀತಾ ಮೊದಲು ಕೆಳಗಿನಿಂದ ಕಂಬಗಳ ಆಸರೆ ಕೊಡಿಸಿ, ಜೋರಾಗಿ ಹೊಡೆಯಕೂಡದೆಂದು ಎಚ್ಚರಿಸಿದಳು. ನೀಲಾವತಿಯವರು ದೀಪ ಹಚ್ಚಿ, ಗಿಡಕ್ಕೆ ಕೈಮುಗಿದು ಅಪ್ಪಣೆ ಕೇಳಿದರು. ದೂಜಣ್ಣ ಗಿಡವನ್ನು ಬೇರಿನ ಮಣ್ಣುಸಮೇತ ಎತ್ತಿ ಎಣ್ಣೆಯ ಡಬ್ಬಿಯೊಂದರಲ್ಲಿ ನೆಟ್ಟರು. ಅದಕ್ಕೆ ಮುನ್ನ ಆ ಡಬ್ಬಿಯ ತಳಕ್ಕೆ ಮೊಳೆಯಿಂದ ತಾವೇ ತೂತು ಕೊರೆದಿದ್ದರು. ಬಳಿಕ ಉಳಿ ಹಿಡಿದು, ಒಂದೊಂದೇ ಇಟ್ಟಿಗೆಯನ್ನು ಬಿಡಿಸಿ ಗೋಣಿಯಲ್ಲಿಟ್ಟರು. ಇಟ್ಟಿಗೆಗಳು ಇನ್ನೂ ಒದ್ದೆಯಾಗಿದ್ದವು.

ರಿಪೇರಿ ಮುಗಿಯುವ ತನಕ ಗಿಡ ಎಲ್ಲಿರಬೇಕೆಂಬ ಚಿಂತೆ ನೀಲಾವತಿಯವರದು. ಮನೆಯ ಬೇರೆಲ್ಲಿಯೂ ಬಿಸಿಲಿರಲಿಲ್ಲ. ಬಾಗಿಲಲ್ಲಿ ಬಂದು ನಿಂತಿದ್ದ ರುಕ್ಮಿಣಿಬಾಯಿ ತಾವಾಗಿಯೇ ಅಂದರು: “ನಮ್ಮ ಅಡಗಿಮನಿ ಕಿಡಕ್ಯಾಗ ಇಡ್ರಿ. ಮುಂಜಾನಿ ಬಿಸಿಲು ಛಲೋ ಬೀಳ್ತದ.”

ಪ್ರಣೀತಾ ಹೊಸ ಬಾಲ್ಕನಿಯ ನಕ್ಷೆ ತಂದಳು. ಭಾರ ತಾಳುವ ಗೋಡೆಯ ಪಕ್ಕದಲ್ಲಿ ಹಗುರವಾದ ಕಲ್ಲಿನ ಪೀಠ. ಅದರ ಬುಡದಿಂದ ಒಂದು ಸಣ್ಣ ಕೊಳವೆ. ಕೊಳವೆಯ ಬಾಯಿಗೆ ತಾಮ್ರದ ತಂಬಿಗೆ. ತಂಬಿಗೆಯ ನೀರನ್ನು ಕಾಂಪೌಂಡಿನ ಮಾವಿನ ಬುಡಕ್ಕೆ ಸುರಿಯತಕ್ಕದ್ದು. ದೂಜಣ್ಣ ನಕ್ಷೆಯನ್ನು ಬಹಳ ಹೊತ್ತು ನೋಡಿದರು.

“ತಂಬಿಗೆ ತುಂಬಿ ಚೆಲ್ಲಿದ್ರೆ?”

“ರೋಜ್ ಖಾಲಿ ಮಾಡ್ಬೇಕು ಅಂಕಲ್. ಅದಕ್ಕೆ ನನ್ನ ಹತ್ರ ಡಿಸೈನ್ ಇಲ್ಲ.”

ಕೆಲಸ ಈಗ ನಡೆಯುತ್ತಿದೆ. ಭಾನುವಾರವೊಂದನ್ನು ಬಿಟ್ಟು ಪ್ರತಿ ಬೆಳಗ್ಗೆಯೂ ದೂಜಣ್ಣ ಮಿಂದು, ಚೆಂಬು ಹಿಡಿದು ಕೆಳಗಿಳಿದು ರುಕ್ಮಿಣಿಬಾಯಿಯವರ ಬಾಗಿಲು ತಟ್ಟುತ್ತಾರೆ. ಡಬ್ಬಿಯ ಕೆಳಗೆ ಆಕೆ ಒಂದು ತಾಟು ಇಟ್ಟಿದ್ದಾರೆ. ಅದರಲ್ಲಿ ನಿಂತ ನೀರಿಗೆ ಬೆರಳದ್ದಿ ಕಣ್ಣಿಗೊತ್ತಿಕೊಂಡ ಮೇಲೆಯೇ ಅದನ್ನು ದೂಜಣ್ಣನ ಕೈಗೆ ಕೊಡುತ್ತಾರೆ. ಬಾಯಿಯ ಖಾರ ಮಾತ್ರ ಹಾಗೆಯೇ ಇದೆ.

“ಸಾವಕಾಶ ಹಾಕ್ರಿ ಯಣ್ಣಾ, ನಮ್ಮ ಕೆಳಗಿನ ಮನಿಯವ್ರು ಜಗಳಕ್ಕ ಬಂದಾರು!”

“ಬರ್ಲಿ ಬಿಡಿ ಬಾಯೀ,” ಎನ್ನುತ್ತಾರೆ ದೂಜಣ್ಣ, ತಾಟಿನ ನೀರು ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು, ಮಾವಿನ ಬುಡಕ್ಕೆ ಸುರಿಯಲೆಂದು ಮೆಟ್ಟಿಲಿಳಿಯುತ್ತ. “ಆ ಹುಡುಗಿಯ ನಂಬರ್ ಕೊಡುವ.”