ಕುವೈತಿನಲ್ಲಿ ನಾನು ಅಣ್ಣನನ್ನು ಬೇಯಿಸಿದ್ದು

ಅದು 2008ರ ಚಳಿಗಾಲ. ಹಿಂದಿನ ವರ್ಷ ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ಮೈಸೂರಿನಿಂದ ಕುವೈತಿಗೆ, ಮಗಳು ವೀಣಾಳ ಮನೆಗೆ ಬಂದಿದ್ದೆ. ಮೈದಾನ್ ಹವಲ್ಲಿಯಲ್ಲಿ ನಾಲ್ಕನೇ ಮಹಡಿಯ ಫ್ಲ್ಯಾಟ್. ಬೆಳಿಗ್ಗೆ ಅಳಿಯ ಬ್ಯಾಂಕಿಗೆ, ವೀಣಾ ಆಸ್ಪತ್ರೆಯ ಲ್ಯಾಬಿಗೆ, ಮೊಮ್ಮಗಳು ತಾರಾ ಸ್ಕೂಲಿಗೆ ಹೊರಟರೆ ಮನೆಯಲ್ಲಿ ಉಳಿಯುತ್ತಿದ್ದದ್ದು ನಾನು ಮತ್ತು ಫ್ರಿಜ್ಜಿನ ಸದ್ದು.

"ಅಜ್ಜಿ, ಯು ಟಾಕ್ ಸೋ ಮಚ್. ವೈ ಡೋಂಟ್ ಯು ಸ್ಟಾರ್ಟ್ ಎ ಬ್ಲಾಗ್?" ಎಂದು ಒಂದು ದಿನ ತಾರಾ ಕೇಳಿದಳು. ಅವಳಿಗೆ ನಾವಾಡುವ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹತ್ತೇ ನಿಮಿಷದಲ್ಲಿ ನನ್ನ ಹೆಸರಿನಲ್ಲಿ ಒಂದು ಬ್ಲಾಗ್ ತೆರೆದೂ ಬಿಟ್ಟಳು.

ಬ್ಲಾಗೇನೋ ಬಂತು, ಬರೆಯಲು ಏನೂ ಬರಲಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು, ಎಸ್ಸೇ ಬರೆದು ಪ್ರೈಜ್ ತೆಗೆದುಕೊಂಡವಳು. 'ದಿ ಡೆಸರ್ಟ್ ಅಟ್ ಡಾನ್' ಎಂದು ಇಂಗ್ಲಿಷಿನಲ್ಲಿ ಹೆಡಿಂಗ್ ಹಾಕಿ ಕಿಟಕಿಯ ಹೊರಗೆ ನೋಡಿದರೆ ಡೆಸರ್ಟೂ ಇಲ್ಲ, ಡಾನೂ ಇಲ್ಲ. ಎದುರು ಬಿಲ್ಡಿಂಗಿನ ವಾಟರ್ ಟ್ಯಾಂಕು, ಯಾರದೋ ಒಣಗಲು ಹಾಕಿದ ಬನಿಯನ್ನುಗಳು. ಆದರೂ ಒಂದು ಪ್ಯಾರಾ ಬರೆದೆ. ತಾರಾ ಓದಿ, "ಇಟ್ಸ್ ನೈಸ್, ಬಟ್ ಲೈಕ್ ಮೈ ಟೆಕ್ಸ್ಟ್‌ಬುಕ್" ಎಂದಳು. ಅಳಿಸಿದೆ.

ಹೀಗಿರುವಾಗ ಸಲ್ವಾ ಬಡಾವಣೆಯ ಒಂದು ಹಾಲ್‌ನಲ್ಲಿ ಒಂದು ಶುಕ್ರವಾರ ನಮ್ಮ ಕನ್ನಡದ ಕುಟುಂಬಗಳೆಲ್ಲ ಸೇರಿದ್ದವು. ಕಾರ್ಯಕ್ರಮ ನಡೆಸುತ್ತಿದ್ದ ರಶ್ಮಿ ಎಂಬ ಹುಡುಗಿ ಯಾರಿಗೋ ನನ್ನನ್ನು ಪರಿಚಯ ಮಾಡಿಸುತ್ತಾ, "ವೀಣಾ ಅವ್ರ ತಾಯಿ. ಪಾಪ, ಮೊಮ್ಮಗಳನ್ನ ನೋಡ್ಕೊಳ್ಳೋಕೆ ಬಂದಿದಾರೆ" ಎಂದಳು.

ಆ 'ಪಾಪ' ನನಗೆ ಚುಚ್ಚಿತು. ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ನಾನು ತಕ್ಷಣ, "ನಾನು ಬ್ಲಾಗ್ ಬರೀತೀನಮ್ಮ" ಎಂದೆ.

"ಹೌದಾ ಆಂಟಿ? ಹಾಗಾದ್ರೆ ಮುಂದಿನ ತಿಂಗಳು ಸ್ಟೇಜ್ ಮೇಲೆ ಓದ್ಬೇಕು ನೀವು. ಕನ್ನಡದಲ್ಲೇ, ಆಯ್ತಾ?" ಎಂದು ಅಲ್ಲೇ ಮೈಕಿನಲ್ಲಿ ಅನೌನ್ಸ್ ಮಾಡಿಬಿಟ್ಟಳು.

ಕಾರಿನಲ್ಲಿ ವೀಣಾ, "ಅಮ್ಮ, ನಿನ್ ಬ್ಲಾಗಲ್ಲಿ ಏನಿದೆ?" ಎಂದು ಕೇಳಿದಳು. "ನನ್ನ ಹೆಸರಿದೆ" ಎಂದೆ.

ಆ ತಿಂಗಳು ನಾನು ಪಟ್ಟ ಪಾಡು ಹೇಳತೀರದು. ಕನ್ನಡ ಟೈಪ್ ಮಾಡಲು ಅಳಿಯ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುತ್ತದೆ. ಕಾನ್ವೆಂಟಿನ ಅಭ್ಯಾಸದಂತೆ ವಾಕ್ಯದ ಮೊದಲಕ್ಷರವನ್ನು ಕ್ಯಾಪಿಟಲ್ ಮಾಡಿದೆ. 'ನಾನು' ಎಂಬುದು 'ಣಾನು' ಆಯಿತು. "ದೊಡ್ಡ ಎನ್ ಒತ್ತಿದ್ರೆ ಣ, ಚಿಕ್ಕ ಎನ್ ಒತ್ತಿದ್ರೆ ನ" ಎಂದು ಅಳಿಯ ಹೇಳಿಕೊಟ್ಟ. ಹೆಡಿಂಗ್ ಮೇಲೆ ಹೆಡಿಂಗ್ ಹಾಕಿದೆ: ಸಮಯದ ಮಹತ್ವ, ಪರದೇಶದ ಬದುಕು. ಎರಡನೇ ಸಾಲಿಗೇ ನನಗೇ ಆಕಳಿಕೆ.

ಕೂಟಕ್ಕೆ ಒಂದೇ ವಾರ ಇದ್ದಾಗ, ಹೀಗೆ ಕಂಪ್ಯೂಟರಿನ ಮುಂದೆ ಕೂತು ಯೋಚಿಸುತ್ತಲೇ ಕುಕ್ಕರ್ ಮರೆತೆ. ಅನ್ನ ಸೀದು ಮನೆಯೆಲ್ಲ ವಾಸನೆ. ಬೇಸರವಾಗಿ, ಸರಿ ಇದನ್ನೇ ಬರೆಯೋಣ ಎಂದು ನಾಲ್ಕು ಸಾಲು ಒತ್ತಿದೆ. ಅನ್ನಕ್ಕೆ ಯಾವ ಎನ್ ಎಂದು ಅನುಮಾನ ಬಂತು. ಗೌರವ ಕೊಡಬೇಕಾದದ್ದಕ್ಕೆಲ್ಲ ಕ್ಯಾಪಿಟಲ್ ಹಾಕಿ ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಅನ್ನಕ್ಕಿಂತ ಗೌರವದ್ದು ಇನ್ನೇನಿದೆ ಎಂದು ದೊಡ್ಡದನ್ನೇ ಒತ್ತಿದೆ. ಕನ್ನಡಕ ಅಡುಗೆಮನೆಯಲ್ಲಿತ್ತು, ಏನು ಮೂಡಿತೆಂದು ನೋಡಲಿಲ್ಲ. ಸ್ಕೂಲಿನಿಂದ ಬಂದ ತಾರಾ ಅದನ್ನು ಪಬ್ಲಿಷ್ ಮಾಡಿಕೊಟ್ಟಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಮೈಸೂರಿನಲ್ಲಿದ್ದ ನಮ್ಮಣ್ಣನ ಮಗನಿಗೆ ಲಿಂಕನ್ನೂ ಕಳಿಸಿದಳು.

ಸಂಜೆ ಅಣ್ಣನ ಫೋನ್ ಬಂತು. "ಏನೇ ಸುಮಿ, ನಾನಿಲ್ಲಿ ಗುಂಡುಕಲ್ಲಿನ ಹಾಗಿದೀನಿ, ನೀನಲ್ಲಿ ನನ್ನನ್ನ ಕುಕ್ಕರಿಗೆ ಹಾಕಿದೀಯಂತೆ?"

"ಏನಣ್ಣ ಹಾಗಂದ್ರೆ?"

"ನನ್ನ ಮಗ ಓದ್ತಾನೆ, ಕೇಳು." ಹಿಂದಿನಿಂದ ಅವನ ಮಗ ನಗು ತಡೆಯುತ್ತಾ ಓದಿದ: "ಇವತ್ತು ಅಣ್ಣ ತಳ ಹಿಡಿಯಿತು. ಮೇಲಿನ ಅಣ್ಣವನ್ನು ತೆಗೆದು ಮೊಸರು ಹಾಕಿ ಕಲಸಿದೆ. ಮಿಕ್ಕ ಅಣ್ಣವನ್ನು ಬಾಲ್ಕನಿಯಲ್ಲಿ ಪಾರಿವಾಳಗಳಿಗೆ ಹಾಕಿದೆ. ಪಾಪ, ಅವೂ ಮೂಸಿ ನೋಡಿ ಹೋದವು."

"ಉಪ್ಪಾದ್ರೂ ಸರಿಯಾಗಿ ಹಾಕಿದ್ಯೇನೇ ನನಗೆ?" ಎಂದು ಅಣ್ಣ ಕೇಳಿದ.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಡಿಲೀಟ್ ಮಾಡು ತಾರಾ" ಎಂದೆ. ಅಷ್ಟರಲ್ಲಿ ಪಕ್ಕದ ಫ್ಲ್ಯಾಟಿನ ಸಿಸಿಲಿಯಾ ಬಾಯಿ, ಮಂಗಳೂರಿನವರು, ಬಾಗಿಲು ತಟ್ಟಿದರು. ವೀಣಾ ಅವರಿಗೂ ಲಿಂಕ್ ಕೊಟ್ಟಿದ್ದಳಂತೆ. ಅಳಿಸುತ್ತಿದ್ದೇನೆ ಎಂದೆ. "ಅಳಿಸುವುದಾ? ಎಂತದು ಮಾರಾಯ್ರೆ ನೀವು. ನಾನು ನಗಾಡಿ ನಗಾಡಿ ಚಾ ಎಲ್ಲ ಮೈಮೇಲೆ ಚೆಲ್ಲಿಕೊಂಡೆ. ಆ ಅಣ್ಣನಿಗೆ ಮತ್ತೆ ಎಂತಾಯ್ತು, ಅದು ಹೇಳಿ."

ಅಣ್ಣನಿಗೆ ಮತ್ತೆ ಎಂತಾಯ್ತು. ಆ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಒಂದು ತಿಂಗಳಿಂದ ಅಲುಗದ ಬೆರಳುಗಳು ಮರುದಿನ ನಿಲ್ಲಲೇ ಇಲ್ಲ. ಪಾತ್ರೆಯ ತಳದ ಸೀಕಲಿಗಾಗಿ ಚಿಕ್ಕಂದಿನಲ್ಲಿ ನಾವಿಬ್ಬರೂ ಜುಟ್ಟು ಹಿಡಿದು ಜಗಳವಾಡಿದ್ದು, ಕೊನೆಗೆ ಅದಕ್ಕೆ ತುಪ್ಪ ಹಚ್ಚಿ ಅವನು ನನಗೇ ಕೊಡುತ್ತಿದ್ದದ್ದು, ನಾನು ಕಾನ್ವೆಂಟಿನಿಂದ ಬಂದು ಊಟಕ್ಕೆ ಮುಂಚೆ ಇಂಗ್ಲಿಷಿನಲ್ಲಿ ಗ್ರೇಸ್ ಪ್ರಾರ್ಥನೆ ಹೇಳಿದರೆ, ಕಣ್ಣು ಮುಚ್ಚಿರುವಾಗ ಅವನು ನನ್ನ ತಟ್ಟೆಯಿಂದ ಹಪ್ಪಳ ಎತ್ತುತ್ತಿದ್ದದ್ದು, ಎಲ್ಲವೂ ಬಂತು. ಅದಕ್ಕೆ ಹೆಡಿಂಗ್ ಕೂಡ ಹುಡುಕಲಿಲ್ಲ. ಅಣ್ಣಂದಿರೆಲ್ಲ ಅನ್ನವಾಗಿಯೂ, ಅನ್ನವೆಲ್ಲ ಅಣ್ಣನಾಗಿಯೂ ಇರಲಿ ಎಂದು ಬಿಟ್ಟೆ.

ಶುಕ್ರವಾರ ಸಲ್ವಾದ ಆ ಹಾಲ್‌ನಲ್ಲಿ ಮೈಕಿನ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡೆ. ಮೊದಲ ಸಾಲು ಓದಿದೆ: "ಕುವೈತಿಗೆ ಬಂದು ನಾನು ಮಾಡಿದ ದೊಡ್ಡ ಕೆಲಸವೆಂದರೆ, ನಮ್ಮ ಅಣ್ಣನನ್ನು ಬೇಯಿಸಿದ್ದು." ಹಿಂದಿನ ಸಾಲಿನಿಂದ ನಗು ಎದ್ದು ಮುಂದಿನವರೆಗೂ ಬಂತು. ಕನ್ನಡ ಓದಲು ಬಾರದ ಮಕ್ಕಳಿಗೆ ತಾರಾ ಎದ್ದು ನಿಂತು, "ಸ್ಮಾಲ್ ಎನ್ ಈಸ್ ರೈಸ್, ಬಿಗ್ ಎನ್ ಈಸ್ ಬ್ರದರ್" ಎಂದು ವಿವರಿಸುತ್ತಿದ್ದಳು. ಸೀಕಲು ಬಂದಲ್ಲಿ ಕೆಲವರು ಕಣ್ಣೊರೆಸಿಕೊಂಡದ್ದನ್ನೂ ಕಂಡೆ. ಇಳಿದು ಬರುವಾಗ ರಶ್ಮಿ ಕೈ ಹಿಡಿದುಕೊಂಡು, "ಆಂಟಿ, ನಮ್ಮಣ್ಣನ ಜೊತೆ ಮಾತಾಡಿ ವರ್ಷ ಆಯ್ತು. ಈಗ್ಲೇ ಫೋನ್ ಮಾಡ್ತೀನಿ" ಎಂದು ಹೊರಗೆ ಹೋದಳು.

ಆ ನಂತರ ಐದು ವರ್ಷ ಬರೆದೆ. ಅಣ್ಣ ಈಗಿಲ್ಲ, ಇರುವವರೆಗೂ ಪ್ರತಿಯೊಂದನ್ನೂ ಮಗನಿಂದ ಓದಿಸಿಕೊಂಡು ಕೇಳುತ್ತಿದ್ದ. ಜೀವನವಿಡೀ ನಾನು ತಪ್ಪಿಲ್ಲದೆ ಬರೆದವಳು. ಮಾರ್ಕ್ಸ್ ಬಂದಿತ್ತು, ಪ್ರೈಜ್ ಬಂದಿತ್ತು. ಆದರೆ ಸಲ್ವಾದಲ್ಲಿ ಆ ದಿನ ಹಾಳೆ ತಿರುವಲು ನಾನೊಂದು ಕ್ಷಣ ನಿಂತಾಗ ಇಡೀ ಹಾಲ್ ಸುಮ್ಮನಾಯಿತಲ್ಲ, ಅದು ನನ್ನ ಮುಂದಿನ ಸಾಲಿಗಾಗಿ. ಆ ನಿಶ್ಶಬ್ದವನ್ನು ನೆನೆದರೆ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.