ಬಂದೇ ಬರುವ ಲಿಫ್ಟ್

ಕಚೇರಿಯಲ್ಲಿ ಆಕೆಯನ್ನು ಎಲ್ಲರೂ ಅನುಮಾನದಕ್ಕ ಎಂದೇ ಕರೆಯುತ್ತಿದ್ದರು. ಲಿಫ್ಟ್ ನಡೆಸುವ ಪ್ರೋಗ್ರಾಮನ್ನು ಬೇರೆಯವರು ಬರೆಯುತ್ತಿದ್ದರು. ಅದು ಎಂದೂ ಮಾಡಬಾರದ್ದೇನು, ಎಂದಾದರೂ ಮಾಡಲೇಬೇಕಾದ್ದೇನು ಎಂಬುದನ್ನು ಕಾಲದ ತರ್ಕವೆಂಬ ಗಣಿತದ ಭಾಷೆಯಲ್ಲಿ ನಿಯಮವಾಗಿ ಬರೆದು, ಕಂಪ್ಯೂಟರಿನಿಂದಲೇ ಒರೆಗೆ ಹಚ್ಚಿಸುವುದು ಆಕೆಯ ಕೆಲಸ. ಹತ್ತೊಂಬತ್ತು ವರ್ಷಗಳಲ್ಲಿ ಆಕೆ ರುಜು ಹಾಕಿದ ಒಂದು ಪ್ರೋಗ್ರಾಮೂ ಮರಳಿ ಮೇಜಿಗೆ ಬಂದಿರಲಿಲ್ಲ. ಅದರ ಹೆಮ್ಮೆ ಆಕೆಗಿತ್ತು, ಬಾಯಿಬಿಟ್ಟು ಆಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಲಿಫ್ಟ್ ಮೇಸ್ತ್ರಿ ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತ. ಆಸ್ಪತ್ರೆಯ ಲಿಫ್ಟಿಗೆ ಆಕೆಯ ರುಜು ಪಡೆದ ಹೊಸ ಪ್ರೋಗ್ರಾಮು ಹಾಕಿ ವಾರವಾಗಿತ್ತು.

“ಅಕ್ಕಾ, ಐದನೇ ಮಹಡಿಗೆ ಲಿಫ್ಟೇ ಬರ್ತಿಲ್ಲ. ಕಾಲಿನ ವ್ಯಾಯಾಮಕ್ಕೆ ಬಂದವರು ಊರುಗೋಲು ಹಿಡ್ಕೊಂಡು ನಿಂತೇ ಇರ್ತಾರೆ. ನಿನ್ನೆ ಒಬ್ಬರು ಅಜ್ಜಿ ಬೇಸತ್ತು ಮೆಟ್ಟಿಲಿಳಿಯೋಕೆ ಹೋಗಿ ಬಿದ್ದರು.”

“ಬರಲ್ಲ ಅನ್ನೋ ಹಾಗೇ ಇಲ್ಲ ಮೇಸ್ತ್ರಿ. ಗುಂಡಿ ಒತ್ತಿದರೆ ಬಂದೇ ಬರುತ್ತೆ. ರುಜುವಾತಾಗಿದೆ.”

“ಯಾವಾಗ ಬರುತ್ತೆ?”

“ಅಂದ್ರೆ?”

“ನಮ್ಮ ಭಾವನೂ ಬಂದೇ ಬರ್ತೀನಿ ಅಂದಿದ್ರು, ಮಗಳ ಮದುವೆಗೆ. ಮೊಮ್ಮಗ ನಡೆಯೋಕೆ ಶುರುಮಾಡಿದ ಮೇಲೆ ಬಂದ್ರು. ಮಾತು ತಪ್ಪಲಿಲ್ಲ ನೋಡಿ.”

ಆಕೆ ನಗಲಿಲ್ಲ. ನಿಯಮವನ್ನು ತೆರೆದು ನೋಡಿದಳು. ಕರೆದರೆ ಎಂದಾದರೂ ಬರುತ್ತದೆ, ಇದು ಯಾವಾಗಲೂ ನಿಜ. ಆ ‘ಎಂದಾದರೂ’ಗೆ ಮರುಕ್ಷಣವೂ ಒಂದೇ, ನೂರು ಕಡೆ ನಿಂತು ಬಂದರೂ ಒಂದೇ. ‘ಬಂದೇ’ ಎಂಬಲ್ಲಿನ ಏಕಾರದ ಒತ್ತಿಗೆ ಆಕೆ ಮೋಸಹೋಗಿದ್ದಳು. ಆ ಒತ್ತಿನಲ್ಲಿ ಖಚಿತತೆ ಇತ್ತು, ಬೇಗ ಎಂಬುದು ಇರಲಿಲ್ಲ.

ಹಾಗಾದರೆ ಎಷ್ಟು ತಡವಾಗಬಹುದು? ತನ್ನ ಮೇಲೆ ಬಂದಿದ್ದ ಸಿಟ್ಟು ಇಳಿದು ಕುತೂಹಲ ಏರಿತು. ಕರೆದಲ್ಲಿಗೆ ಬರುವ ತನಕ ಬೇರೆಡೆ ನಾಲ್ಕು ಸಲಕ್ಕಿಂತ ಹೆಚ್ಚು ನಿಲ್ಲಬಾರದು ಎಂದು ಹೊಸ ನಿಯಮ ಬರೆದಳು. ಕಂಪ್ಯೂಟರು ಸುಳ್ಳು ಎಂದಿತು. ನಾಲ್ಕನ್ನು ಹತ್ತು ಮಾಡಿದಳು, ಇಪ್ಪತ್ತು ಮಾಡಿದಳು, ಆಗಲೂ ಸುಳ್ಳು. ಮೂವತ್ತಕ್ಕೆ ಒಪ್ಪಿತು. ಇಪ್ಪತ್ತರ ನಿಯಮ ಮುರಿದಾಗ ಲಿಫ್ಟ್ ನಿಂತ ಮಹಡಿಗಳನ್ನು ತೆರೆಯ ಮೇಲೆ ಸಾಲಾಗಿ ತೋರಿಸಿತ್ತು.

“ಕೆಳಗೆ, ಎರಡು, ಕೆಳಗೆ, ಎರಡು,” ಮೇಸ್ತ್ರಿ ಬಗ್ಗಿ ಓದಿದ. “ಇದನ್ನೇ ಅಕ್ಕಾ ದಿನಾ ನೋಡ್ತಿರೋದು. ತಪ್ಪು ಬರೆದೋರದ್ದು ಅನ್ನಿ.”

“ಅಲ್ಲ. ನಾನು ಕೇಳಿದಷ್ಟನ್ನ ಅವರು ಸರಿಯಾಗೇ ಬರೆದಿದ್ದಾರೆ. ಕೇಳಿದ್ದೇ ಸಾಲದು.”

ಹಳೆಯ ಪ್ರೋಗ್ರಾಮನ್ನೇ ಹಾಕಲು ಮೇಸ್ತ್ರಿಯನ್ನು ಕಳಿಸಿ, ಕಚೇರಿಯ ವ್ಯವಸ್ಥಾಪಕರಿಗೆ ಫೋನು ಮಾಡಿದಳು.

“ನನ್ನ ರುಜು ವಾಪಸ್ ತಗೋತಿದ್ದೀನಿ.”

“ದಾಖಲೆಗೆ ಹಾಕಲೇಬೇಕಾ ಮೇಡಂ? ಹತ್ತೊಂಬತ್ತು ವರ್ಷದ ಹೆಸರು.”

“ಹಾಕಿ. ಅಜ್ಜಿ ಬಿದ್ದಿದ್ದನ್ನೂ ಬರೆಯಿರಿ.”

ಆಮೇಲೆ ತಾನು ಬರೆದ ಹಳೆಯ ನಿಯಮಗಳನ್ನು ಒಂದೊಂದಾಗಿ ತೆಗೆದು ಕೂತಳು. ಮಧ್ಯಾಹ್ನದೊಳಗೆ ಮಿತಿಯಿಲ್ಲದ ‘ಎಂದಾದರೂ’ ಹದಿನೇಳು ಸಿಕ್ಕವು.