ಎಂಟು ಕವರಿನ ಸುಳ್ಳು

ತಂಗಿ ಹೇಳಿದ್ದು ಒಂದೇ ಒಂದು ಕೆಲಸ. ಅದನ್ನು ನಾನು ಮಾಡಲಿಲ್ಲ. ಮಾಡಿದ್ದೇನೆ ಎಂದು ಸುಳ್ಳು ಹೇಳಿದೆ.

ಅವಳು ಪಕ್ಕದೂರಿನ ಹೈಸ್ಕೂಲಿನಲ್ಲಿ ಮೇಡಂ. ನಾನು ಐದನೇ ಕ್ಲಾಸಿಗೇ ಬಿಟ್ಟವನು. ಗಾವಡಗೆರೆ ಕಡೆಯ ನಮ್ಮ ಹೊಲದಲ್ಲಿ ಬೋರ್ ಕೊರೆಸುವಾಗ ನನ್ನ ಕೈಗೆ ಹನ್ನೊಂದು ಪ್ಲಾಸ್ಟಿಕ್ ಕವರ್ ಕೊಟ್ಟಳು; ಇಪ್ಪತ್ತಡಿಯ ಹನ್ನೊಂದು ರಾಡ್ ಇಳಿದರೆ ನೀರು ಎಂದು ಜಾಗ ನೋಡಿದವರು ಹೇಳಿದ್ದರು. ಒಂದೊಂದರ ಮೇಲೂ ಎಷ್ಟು ಅಡಿ ಆಳ ಎಂದು ಬರೆದಿತ್ತು.

"ಅಣ್ಣಯ್ಯ, ಒಂದೊಂದು ರಾಡ್ ಇಳಿದಾಗಲೂ ಮೇಲೆ ಬರೋ ಪುಡೀನ ಒಂದೊಂದು ಹಿಡಿ ತುಂಬ್ಸು. ಪುಸ್ತಕದಲ್ಲಿರೋ ನೆಲದ ಪದರದ ಚಿತ್ರ ಯಾವುದೋ ದೇಶದ್ದು. ನಮ್ಮೂರ ಕೆಳಗೆ ಏನೈತೆ ಅಂತ ಮಕ್ಕಳಿಗೆ ಬರೆದು ತೋರಿಸ್ತೀನಿ."

ಬೋರ್ ಲಾರಿಯವರು ರಾಡಿಗೊಂದರಂತೆ ಪುಡಿಯ ಗುಡ್ಡೆಗಳನ್ನು ಸಾಲಾಗಿ ಹಾಕುತ್ತಾರೆ. ಮೂರು ಕವರ್ ತುಂಬಿಸಿದೆ. ಅಷ್ಟರಲ್ಲಿ ಗೆಳೆಯರು ಹೊಂಗೆ ಮರದಡಿ ಇಸ್ಪೀಟಿಗೆ ಕರೆದರು. ಗುಡ್ಡೆ ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡೆ. ಹನ್ನೊಂದನೇ ರಾಡಿಗೆ ನೀರು ಚಿಮ್ಮಿತು. ಎಲ್ಲರೂ ನೆನೆದು ಕುಣಿದೆವು. ಕುಣಿದು ನೋಡಿದರೆ ಒಂದು ಗುಡ್ಡೆಯೂ ಇಲ್ಲ, ಬರೀ ಬೂದಿ ಬಣ್ಣದ ಕೆಸರು.

ಆ ಕೆಸರನ್ನೇ ತುಂಬಿಸಿದರೆ ಎಲ್ಲ ಒಂದೇ ಬಣ್ಣ, ಸಿಕ್ಕಿಬೀಳುತ್ತೇನೆ ಅನ್ನಿಸಿತು. ಉಳಿದ ಎಂಟು ಕವರಿಗೆ ಬದುವಿನ ಕೆಮ್ಮಣ್ಣು, ಜಲ್ಲಿಪುಡಿ, ಕೆರೆಯ ತಳದ ಕಪ್ಪು ಗೋಡುಮಣ್ಣು ತುಂಬಿಸಿದೆ. ಒಣಗಿಸಿ ಜರಡಿ ಬೇರೆ ಹಿಡಿದೆ.

ಅವಳು ಒಂದು ತಿಂಗಳು ಕೂತು, ಆಳುದ್ದದ ಬಟ್ಟೆಯ ಮೇಲೆ ನೆಲವನ್ನು ಸೀಳಿದಂತೆ ಪದರಪದರವಾಗಿ ಬರೆದಳು. ಪ್ರತಿ ಪದರದ ಪಕ್ಕ ನಾನು ಕೊಟ್ಟ ಪುಡಿ ಅಂಟಿಸಿದಳು. ಮಣ್ಣು ಸಂಗ್ರಹಿಸಿದವರು ಎಂದು ನನ್ನ ಹೆಸರನ್ನೂ ಬರೆದಳು.

ಹುಣಸೂರಿನ ವಿಜ್ಞಾನ ಪ್ರದರ್ಶನಕ್ಕೆ ಅದನ್ನು ನಾನೇ ಬೈಕಿನಲ್ಲಿ ಒಯ್ದೆ. ನೋಡಲು ಬಂದ ಮೇಷ್ಟ್ರೊಬ್ಬರು ತಳದ ಕಪ್ಪು ಪದರ ಮುಟ್ಟಿ ನಕ್ಕರು. "ಏನ್ ಮೇಡಂ, ಇನ್ನೂರಡಿ ಬಂಡೆ ಕೆಳಗೂ ಕೆರೆ ಗೋಡಾ? ಜೊತೆಗೆ ಒಂದು ಎಮ್ಮೇನೂ ಬರೆದುಬುಡಬೇಕಿತ್ತು!"

ಅವಳ ಜೊತೆ ಬಂದಿದ್ದ ಶಾಲೆಯ ಮಕ್ಕಳೂ ನಕ್ಕುಬಿಟ್ಟರು.

"ನಮ್ಮಣ್ಣ ಎದುರಿಗೆ ನಿಂತು ತುಂಬ್ಸಿದ್ದು ಸರ್. ಅವ್ರು ಸುಳ್ಳು ಹೇಳಲ್ಲ" ಎಂದಳು. ನಾನು ಪಕ್ಕದಲ್ಲೇ ಇದ್ದೆ. ಬೈಕಿನ ಕೀ ಹುಡುಕುವವನಂತೆ ಜೇಬು ತಡವಿದೆ.

ಮನೆಗೆ ಬಂದು ನನಗೆ ಊಟಕ್ಕಿಡುತ್ತಾ ಅಂದಳು: "ಪುಸ್ತಕದಲ್ಲಿ ಇಲ್ಲದ್ದು ನಮ್ಮ ಹೊಲದಲ್ಲಿ ಇರಬಾರದಾ ಅಣ್ಣಯ್ಯ? ನಾಳೆ ಮಕ್ಕಳಿಗೆ ಇದೇ ಸರಿ ಅಂತ ಹೇಳ್ತೀನಿ."

ಓದಿದವಳು ಪುಸ್ತಕ ಬಿಟ್ಟು ನನ್ನನ್ನು ನಂಬಿದ್ದಳು. ತಟ್ಟೆಯ ಮುಂದೆಯೇ ಎಲ್ಲ ಹೇಳಿಬಿಟ್ಟೆ. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ನನಗ್ಯಾಕೆ ಹೇಳ್ತೀಯ?" ಎಂದಳು ಕೊನೆಗೆ. "ನಕ್ಕಿದ್ದು ಮಕ್ಕಳು. ಬಂದು ಅವ್ರ ಮುಂದೆ ಹೇಳು."

ಮಾರನೆಯ ದಿನ ಹೋದೆ. ಬೋರ್ಡಿಗೆ ಆ ಚಿತ್ರ ನೇತುಹಾಕಿದ್ದಳು. ಅದರ ಪಕ್ಕ ಹೋಗಿ ನಿಂತೆ.

"ನಿಮ್ಮ ಮೇಡಂದು ಏನೂ ತಪ್ಪಿಲ್ಲ ಕಣ್ರಪ್ಪ. ಮೇಲಿನ ಮೂರೇ ಬೋರಿಂದು. ಮಿಕ್ಕಿದ್ದು ನಾನು ಬದು, ಕೆರೆಯಿಂದ ತಂದು ತುಂಬ್ಸಿದ್ದು."

ಆಮೇಲೆ ತಂಗಿಯ ಕಡೆ ತಿರುಗಿದೆ.

"ತಪ್ಪಾಯ್ತು ಕಣವ್ವ. ಎಲ್ರ ಮುಂದೆ ನೀನು ತಲೆ ತಗ್ಗಿಸೋ ಹಂಗೆ ಮಾಡ್ದೆ. ಕ್ಷಮಿಸ್ಬುಡು."